ಖಾಲಿ ಲಾರಿಯ ಬೋಣಿ

ಒಲೆ ಎಂದರೆ ಅಡುಗೆಮನೆಯಲ್ಲಿ ಇರುವಂಥದ್ದು ಎಂದು ತಿಳಿದು ಬೆಳೆದವನು ನಾನು. ದಾಂಡೇಲಿಗೆ ಬಂದಿಳಿದ ದಿನ ನೋಡುತ್ತೇನೆ, ಲಾರಿಯ ಬೆನ್ನಿಗೆ ಆಳೆತ್ತರದ ಒಲೆ ಕಟ್ಟಿದ್ದಾರೆ, ಒಬ್ಬ ಅದಕ್ಕೆ ಇದ್ದಿಲು ಸುರಿದು ಗಾಳಿ ಹಾಕುತ್ತಿದ್ದಾನೆ. ಯುದ್ಧದಿಂದಾಗಿ ಪೆಟ್ರೋಲ್ ಸಿಗದೆ ಇಲ್ಲಿಯ ಲಾರಿಗಳು ಇದ್ದಿಲಿನ ಅನಿಲದಲ್ಲೇ ಓಡುತ್ತಿದ್ದವು. ಮೈಸೂರಿನ ಬಸ್ ಗ್ಯಾರೇಜಿನಲ್ಲಿ ಎಂಟು ವರ್ಷ ಕೈ ಪಳಗಿಸಿಕೊಂಡಿದ್ದ ನಾನು ಬಾಯಿ ಬಿಟ್ಟುಕೊಂಡು ನಿಂತೆ.

ಕೆಲಸ ಕೊಟ್ಟವರು ಲಾರಿಗಳ ಮಾಲೀಕರಾದ ಅಬ್ದುಲ್‌ಸಾಹೇಬರು. ಉಳಿಯಲು ಗ್ಯಾರೇಜಿನ ಹಿಂದೆ ತಗಡಿನ ಕೋಣೆ. ಮೈಸೂರಿನಲ್ಲಿ ಮುದ್ದೆ ನುಂಗುತ್ತಿದ್ದವನಿಗೆ ಇಲ್ಲಿ ಜೋಳದ ರೊಟ್ಟಿ ಜಗಿದು ದವಡೆ ನೋವು. ನಮ್ಮ ತೇಗದ ಮರ ಇಲ್ಲಿ ಸಾಗವಾನಿ. ಸಂಜೆಯಾದರೆ ಮಾತಾಡಲು ಒಬ್ಬರೂ ಇಲ್ಲ. ಸ್ಪ್ಯಾನರುಗಳನ್ನೇ ಮತ್ತೆ ಮತ್ತೆ ಒರೆಸುತ್ತ ಕೂರುತ್ತಿದ್ದೆ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದಿದ್ದುದು ಬಸಲಿಂಗಪ್ಪನವರನ್ನು. ಮರ ಹೇರುವ ಆಳುಗಳ ಮುಖ್ಯಸ್ಥ. ಅವರನ್ನು ಇಲ್ಲಿ ಮುಕಾದಮ ಎನ್ನುತ್ತಾರೆ. ನಾನು ಮೊದಲ ಇಂಜಿನ್ ಬಿಚ್ಚಿ ಹೊಸ ರಿಂಗು ಹಾಕಿ ಕಟ್ಟಿದಾಗ, ಕೆಲವು ನೂರು ಮೈಲಿ ಭಾರ ಹೇರದೆ ಮೆಲ್ಲಗೆ ಓಡಿಸಿ, ಅದರ ಅಂಗಾಂಗ ಒಂದಕ್ಕೊಂದು ಒಗ್ಗಬೇಕು ಎಂದಿದ್ದೆ. ಅವರು ಚಕ್ರದಡಿ ನಿಂಬೆಹಣ್ಣಿಟ್ಟರು, ಕಾಯಿ ಒಡೆದರು, ಆಮೇಲೆ ದಿಮ್ಮಿ ಹೇರಿಸಿದರು.

"ಬೋಣಿ ದಿನಾ ಖಾಲಿ ಗಾಡಿ ಹೊರಗ ಬಿಡೂದಿಲ್ಲರಿ ನಮ್ಮಲ್ಲಿ," ಎಂದರು. ಹೊಸ ಇಂಜಿನಿನ ಮೊದಲ ಓಟವೇ ಅವರಿಗೆ ಬೋಣಿ.

ಹಳಿಯಾಳದ ದಾರಿಯ ಏರಿನಲ್ಲಿ ಪಿಸ್ಟನ್ ಕಚ್ಚಿಕೊಂಡು ಇಂಜಿನ್ ನಿಂತಿತು. ಸಂತೆಗೆ ಹೊರಟಿದ್ದ ಜನ ಸುತ್ತ ಸೇರಿದರು. ಬಸಲಿಂಗಪ್ಪ ಎಲ್ಲರಿಗೂ ಕೇಳುವಂತೆ ಹೇಳಿದರು: "ಪರಊರಾವನ ಕೈಯಾಗ ಇಂಜಿನ ಕೊಟ್ಟರ ಹಿಂಗ ಆಗತೈತಿ."

ಆ ಮಾತು ನನಗಿಂತ ಮೊದಲು ಹಳಿಯಾಳ ಮುಟ್ಟಿತು. ಚಹಾ ಅಂಗಡಿಯಲ್ಲಿ ನನ್ನನ್ನು ಕಂಡರೆ ನಗುವುದು ಶುರುವಾಯಿತು. ಇನ್ನೊಂದು ಇಂಜಿನ್ ಕೆಟ್ಟರೆ ಊರಿಗೆ ಹೋಗಿಬಿಡಿ ಎಂದು ಸಾಹೇಬರೂ ಸೌಮ್ಯವಾಗಿಯೇ ಹೇಳಿದರು. ಮೈಸೂರಿಗೆ ಕೈಲಾಗದವನೆಂದು ಹಿಂತಿರುಗುವುದೇ? ಅದೇ ಇಂಜಿನನ್ನು ಮತ್ತೆ ಬಿಚ್ಚಿ, ಒಂದೊಂದು ನಟ್ಟನ್ನೂ ಆ ಮನುಷ್ಯನ ಹೆಸರು ಹೇಳಿಕೊಂಡೇ ಬಿಗಿದೆ.

ಈ ಸಲ ಸಾಹೇಬರ ಹತ್ತಿರ ಒಂದೇ ಮಾತು ಪಡೆದಿದ್ದೆ: ಇಂಜಿನ್ ಒಗ್ಗುವವರೆಗೆ ಲಾರಿಯ ಮೇಲೆ ನನ್ನ ಮಾತೇ ನಡೆಯಬೇಕು. ನಿಂಬೆಹಣ್ಣು ಬಂತು, ಕಾಯಿ ಬಂತು. ಖಾಲಿ ಬಿಡೂದಿಲ್ಲ ಎಂಬ ಮಾತೂ ಬಂತು.

"ಖಾಲಿ ಹೋಗಬಾರದು ತಾನೆ? ನೀವೇ ಹತ್ತಿ ಕೂತ್ಕೊಳ್ಳಿ," ಎಂದೆ.

ಅವರು ಸಾಹೇಬರ ಮುಖ ನೋಡಿದರು. ಸಾಹೇಬರು ಗಡ್ಡ ಸವರಿಕೊಂಡು, ಹತ್ತಿ ಕೂಡ್ರಿ ಎಂದರು.

ಐದು ದಿನ ದಾಂಡೇಲಿಯಿಂದ ಹಳಿಯಾಳಕ್ಕೆ, ಹಳಿಯಾಳದಿಂದ ದಾಂಡೇಲಿಗೆ. ಮುಂದೆ ಸ್ಟೇರಿಂಗ್ ಹಿಡಿದು ನಾನು, ಹಿಂದೆ ಬಿಸಿಲಿನಲ್ಲಿ ಬಸಲಿಂಗಪ್ಪ, ಅವರ ಮುಖಕ್ಕೆ ಒಲೆಯ ಹೊಗೆ. ಇಳಿಜಾರಿನಲ್ಲಿ ಎತ್ತಿನ ಗಾಡಿಗಳು ನಮ್ಮನ್ನು ದಾಟಿ ಹೋದವು. ಇಂಜಿನಿಗೆ ಅಷ್ಟು ನಿಧಾನ ಬೇಕಿರಲಿಲ್ಲ, ನನಗೆ ಬೇಕಿತ್ತು. ಸುಳ್ಳೇಕೆ, ಅಷ್ಟು ಖುಷಿ ಈ ಊರಿನಲ್ಲಿ ಅದೇ ಮೊದಲು.

ಸಂತೆಯ ದಿನ ಜನದ ನಡುವೆ ಲಾರಿ ನಿಲ್ಲಿಸಿದೆ. ಮುಕಾದಮರು ಯಾಕೆ ಮೂಟೆಯ ಹಾಗೆ ಕೂತಿದ್ದಾರೆ ಎಂದು ಯಾರೋ ಕೇಳಿದರು. ನಾನು ಇಂಜಿನ್ ಆರಿಸಿ ಕಾದೆ.

"ಹೊಸಾ ಇಂಜಿನಕ್ಕ ಭಾರ ಹಾಕಬಾರದಂತ. ಆವತ್ತ ಹಾಕಿದ್ದು ನಾ. ಮಿಸ್ತ್ರೀದೇನೂ ತಪ್ಪಿರಲಿಲ್ಲ," ಎಂದರು ಬಸಲಿಂಗಪ್ಪ.

ಹೆಸರು ಉಳಿಯಿತು. ಇನ್ನು ಮೈಸೂರಿಗೆ ಹೊರಡಬಹುದಿತ್ತು, ಟ್ರಂಕಿಗೆ ಹಗ್ಗವನ್ನೂ ಬಿಗಿದೆ. ಆದರೆ ಸೇಡಿನ ರುಚಿ ಹತ್ತಿತ್ತು. ಈ ಮನುಷ್ಯ ತನ್ನ ಬಾಯಿಂದಲೇ 'ಹೋಗಬ್ಯಾಡ್ರಿ' ಎನ್ನಬೇಕು, ಅಂದ ಮರುದಿನವೇ ನಾನು ಹೋಗಬೇಕು ಎಂದು ನಿಶ್ಚಯಿಸಿದೆ. ಎರಡು ಮಳೆಗಾಲ ಕಳೆದವು. ಈಗ ರೊಟ್ಟಿ ಹಲ್ಲಿಗೆ ಹಗುರ. ಊರಿನಿಂದ ಬಂದ ರಾಗಿಹಿಟ್ಟಿಗೆ ಹುಳು ಬಿದ್ದಿದ್ದನ್ನು ಮೊನ್ನೆ ನೋಡಿದೆ. ಹೊಸದಾಗಿ ಕಟ್ಟಿದ ಇಂಜಿನ್ ಹೊರಟರೆ ಬಸಲಿಂಗಪ್ಪ ಹೇಳಿಸಿಕೊಳ್ಳದೆ ಹಿಂದೆ ಹತ್ತಿ ಕೂರುತ್ತಾರೆ.

ನಿನ್ನೆ ಹಾಗೆಯೇ ಹೊರಟಿದ್ದೆವು. ಏರಿನ ಬುಡದಲ್ಲಿ ಅವರು ನನ್ನ ಕಡೆ ಬಗ್ಗಿ, "ಊರಿಗಂತ ಹೋಗಬ್ಯಾಡ್ರಿ ಮಿಸ್ತ್ರಿ, ಇಲ್ಲೇ ಇರ್ರಿ," ಎಂದರು.

ಇಂಜಿನಿನ ಸದ್ದಿಗೆ ಕೇಳಿಸಲಿಲ್ಲ ಎಂದು ಕೈಸನ್ನೆ ಮಾಡಿ, ಗೇರ್ ಬದಲಾಯಿಸಿದೆ.