ದಿಲ್ಲಿಯ ಮಳೆ, ಅಟ್ಟದ ಮೇಲಿನ ಮೂರು ಮುಡಿ

1956ರಲ್ಲಿ, ಐದನೇ ಕ್ಲಾಸು ಮುಗಿಯುವ ಮೊದಲೇ, ನಾನು ಶಾಲೆ ಬಿಟ್ಟೆ. ಅಪ್ಪ ತೀರಿಕೊಂಡಿದ್ದರು, ಗದ್ದೆ ಹೂಡಲು ಜನ ಬೇಕಿತ್ತು. ಅದಕ್ಕೆ ನಾಚಿಕೆಪಟ್ಟವನಲ್ಲ. ಇಪ್ಪತ್ತು ತುಂಬುವಷ್ಟರಲ್ಲಿ ನಮ್ಮೂರು ಹಟ್ಟಿಯಂಗಡಿಯ ಸುತ್ತ ನನ್ನಷ್ಟು ನೇರ ಸಾಲು ಹೂಡುವವರು ಮೂರು ಜನ ಇದ್ದಿರಲಿಕ್ಕಿಲ್ಲ.

ಅರವತ್ತೈದರ ಮೇ ತಿಂಗಳಲ್ಲಿ ನಮ್ಮ ಮನೆಯ ಚಾವಣಿಗೆ, ಅಂದರೆ ಮಾಡಿಗೆ, ಮುಳಿಹುಲ್ಲು ಹೊದೆಸುವ ಸರದಿ ಬಂತು. ಅದಕ್ಕೆ ಕೂಲಿಯಿಲ್ಲ. ಇವತ್ತು ನಮ್ಮಲ್ಲಿಗೆ ಹನ್ನೆರಡು ಜನ ಬಂದರೆ, ಮುಂದೆ ಅವರವರ ಮನೆಗೆ ನಾನು. ಬೆಳಿಗ್ಗೆ ಹಳೆ ಹುಲ್ಲನ್ನೆಲ್ಲ ಕಿತ್ತು ಮಾಡು ಬೋಳಿಸುವುದು, ಕತ್ತಲಾಗುವುದರೊಳಗೆ ಹೊಸತು ಹೊದೆಸುವುದು. ನಮ್ಮ ಅಟ್ಟದ ಮೇಲೆ ಬಿತ್ತನೆ ಭತ್ತ ಮೂರು ಮುಡಿ ಇತ್ತು, ಬೈಹುಲ್ಲಿನ ಹಗ್ಗ ಸುತ್ತಿ ಉಂಡೆಯಾಗಿ ಕಟ್ಟಿದ್ದು. ಬಿತ್ತುವ ದಿನದ ತನಕ ಅದು ಹೊಸ್ತಿಲು ದಾಟಬಾರದೆಂಬುದು ಅಮ್ಮನ ಕಟ್ಟಳೆ. ಮಾಡು ಬೋಳಾದರೂ ಮುಡಿ ಅಲ್ಲೇ. ನೆನೆದು ಮೊಳಕೆ ಬಂದರೆ ಆ ವರ್ಷ ಬೇಸಾಯವೇ ಇಲ್ಲ.

ಆ ಬೆಳಿಗ್ಗೆ, ಹೊದೆಸುವವರ ಪಾಯಸಕ್ಕೆ ಬೆಲ್ಲ ತರಲು ಹೋದವನು ಅಂಗಡಿಯ ರೇಡಿಯೋದಲ್ಲಿ ದಿಲ್ಲಿಯ ವಾರ್ತೆಯ ಕೊನೆ ಕೇಳಿದೆ. ದೇಶದಲ್ಲಿ ಎಲ್ಲೆಲ್ಲಿ ಬಿಸಿಲು, ಎಲ್ಲೆಲ್ಲಿ ಧೂಳಿನ ಗಾಳಿ ಎಂದು ಓದುತ್ತ ಬಂದವರು ಮೈಸೂರು ರಾಜ್ಯದ ಕರಾವಳಿಗೆ ಮುಟ್ಟಿದಾಗ, ಇಪ್ಪತ್ತನಾಲ್ಕು ಗಂಟೆಯೊಳಗೆ ಗುಡುಗು ಸಿಡಿಲು ಸಹಿತ ಭಾರೀ ಮಳೆ ಅಂದುಬಿಟ್ಟರು. ಬೆಲ್ಲದ ಪೊಟ್ಟಣ ಕಂಕುಳಲ್ಲಿಟ್ಟು ಗದ್ದೆ ಅಂಚಿನ ಮೇಲೆ ಒಂದೇ ಓಟ!

ನಾನು ಮುಟ್ಟುವಾಗ ಹಿಂದಿನ ಬದಿ ಬೋಳಾಗಿತ್ತು. ಹೊದೆಸುವುದಕ್ಕೆ ಮುಖ್ಯಸ್ಥರಾಗಿದ್ದ ನೆರೆಮನೆಯ ಮಾವ ಎದುರು ಬದಿಗೆ ಕೈ ಹಾಕುವವರಿದ್ದರು.

"ಮಾವ, ಎದ್ರ್ ಬದಿ ಕೀಳ್ಬೇಡಿ! ಜೋರ್ ಮಳಿ ಬತ್ತಂಬ್ರ್, ರೇಡಿಯದಗೆ ಹೇಳ್ರ್!"

ಮೋಡದ ಚೂರೂ ಇಲ್ಲದ ಆಕಾಶವನ್ನು ಮಾವ ನೋಡಿದರು. "ಹ್ವಾಯ್, ಕೇಂಡ್ರ್ಯಾ? ಐದನೇ ಕ್ಲಾಸ್ ಪಾಸಾಗದವಂಗೆ ದಿಲ್ಲಿಯಿಂದ ಕಾಗ್ದ ಬಂದಿತ್ತಂಬ್ರ್!"

ಹನ್ನೆರಡು ಜನವೂ ನಕ್ಕರು. ನನಗೆ ರೋಷ ಉಕ್ಕಿತು. ಏಣಿ ಹತ್ತಿ ಎದುರು ಬದಿಯ ಹಳೆ ಹುಲ್ಲಿನ ಮೇಲೆ ಕಾಲು ಚಾಚಿ ಕೂತುಬಿಟ್ಟೆ. "ಕೀಳುದಾರೆ ನನ್ನನ್ನೂ ಸೇರ್ಸಿ ಕೀಳಿ!"

"ಅರ್ಧ ಹೊಸತ್, ಅರ್ಧ ಹಳ್ತ್. ಇಂಥ ಮನಿಗೆ ಹೆಣ್ಣ್ ಕೊಡುವರ್ ಯಾರ್ ಮಾರಾಯ?" ಎಂದ ಒಬ್ಬ.

ಅಂಗಳದಿಂದ ಅಮ್ಮ ಹೇಳಿದಳು: "ಹೆಣ್ಣ್ ಆಮೇಲ್ ಕಾಂಬ. ಬಿತ್ತ ನೆನ್ದ್ರೆ ಉಂಬುದ್ ಎಂತ? ಹಿಂದಿನ್ ಬದಿ ಮುಗ್ಸಿ ಮೊದ್ಲ್."

ಅಮ್ಮನ ಮಾತಿಗೆ ಮಾವ ಹಿಂದಿನ ಬದಿಗೆ ತಿರುಗಿದರು. ಕೆಳಗಿನಿಂದ ಹುಲ್ಲಿನ ಕಟ್ಟು ಹಾರಿ ಬರುವುದು, ಮೇಲೆ ಹಿಡಿದು ಹಾಸುವುದು, ಬಿದಿರ ಸಲಾಕೆ ಒತ್ತಿ ಹಗ್ಗ ಬಿಗಿಯುವುದು. ಊಟಕ್ಕೂ ನಾನು ಇಳಿಯಲಿಲ್ಲ.

ಮೂರು ಗಂಟೆ ಆಗಿರಬೇಕು. ಕೊಡಚಾದ್ರಿಯ ದಿಕ್ಕು ಕಪ್ಪಾಯಿತು. ಒಂದು ತಣ್ಣನೆ ಗಾಳಿ ಬಂದು ಹುಲ್ಲಿನ ರಾಶಿಯನ್ನು ಅಂಗಳದ ತುಂಬ ಎರಚಿತು. ಮಾವನ ದನಿಯೇ ಬದಲಾಯಿತು.

"ಬಿಸಾಡಾ ಕಟ್ಟ್! ಬೇಗ! ಎಂತ ಕಾಂತಾ ನಿಂತ್ಯ?"

ಸಿಡಿಲು ಬಡಿದ ಸದ್ದಿಗೆ ಏಣಿ ನಡುಗಿತು. ಹೆದರಿಕೆ ಎಲ್ಲಿ ಹೋಗಿತ್ತೋ, ನಾನು ಕೇಕೆ ಹಾಕಿದೆ. ಮಾಡಿನ ತಲೆಗೆ ಕೊನೆಯ ಹಗ್ಗ ಬಿಗಿಯುವಾಗ ಬೆನ್ನಿಗೆ ಕಲ್ಲು ಹೊಡೆದ ಹಾಗೆ ಹನಿ ಬಿತ್ತು. ಇಳಿದು ಅಟ್ಟಕ್ಕೆ ಓಡಿ, ಮಾವನೂ ನಾನೂ ಮೂರು ಮುಡಿಯನ್ನೂ ಹೊಸ ಹುಲ್ಲಿನ ಕೆಳಗೆ ಉರುಳಿಸಿದೆವು. ಹಿಂದೆಯೇ ಮಳೆ ಧೋ ಎಂದು ಸುರಿಯಿತು. ಎದುರು ಬದಿಯ ಹಳೆ ಹುಲ್ಲು ನಾಲ್ಕು ಕಡೆ ಸೋರಿತು. ಮುಡಿಗಳ ಸುತ್ತ ಕೈಯಾಡಿಸಿದೆ. ಬೆಚ್ಚಗೆ, ಒಣಗಿಯೇ ಇದ್ದವು.

"ದಿಲ್ಲಿಯವ್ರ್ ಹೇಳದ್ದ್ ಹೌದ್," ಅಂದರು ಮಾವ, ಗುಡುಗಿನ ನಡುವೆ ಪಾಯಸ ಸುರ್ರೆಂದು ಹೀರುತ್ತ. "ಆರೆ ಸೋರದ್ದಾಂಗೆ ಹೊದ್ಸದ್ದ್ ನಾನ್, ನೆನ್ಪಿರ್ಲಿ!"

ಹೊಳೆಯಾಚೆಯ ಒಂದು ಮನೆಯವರ ಬಿತ್ತನೆ ಭತ್ತ ಆ ಮಳೆಗೇ ನೆನೆದುಹೋಗಿತ್ತು. ನಮ್ಮ ಎರಡು ಮುಡಿ ನಮ್ಮ ಗದ್ದೆಗೆ ಸಾಕಾಯಿತು. ಮೂರನೆಯದನ್ನು, ಪಾಳು ಬೀಳಲಿದ್ದ ಅವರ ಗದ್ದೆಯನ್ನು ಗೇಣಿಗೆ ಹಿಡಿದು ಅಲ್ಲಿ ಬಿತ್ತಿದೆ. ಒಳ್ಳೆಯ ಬೆಳೆ ಬಂತು. ಮರುವರ್ಷ ಅವರೇ ಕರೆದು ಇನ್ನಷ್ಟು ಗದ್ದೆ ಕೊಟ್ಟರು.

ಆ ಮೂರನೆಯ ಮುಡಿಯಿಂದ ಬೆಳೆದು, ಈಗ ನನ್ನ ಬೇಸಾಯದಲ್ಲಿರುವುದು ಐದು ಮುಡಿ ಬಿತ್ತುವ ಗದ್ದೆ, ಎರಡು ಜೊತೆ ಕೋಣ, ಹಾಲು ಕರೆಯುವ ಎಮ್ಮೆ ಒಂದು, ಕಾಯಿ ಬಿಡುವ ತೆಂಗು ಹದಿನೆಂಟು.