ಟೇಬಲ್ ಕೆಳಗಿದ್ದ ಡಬ್ಬಿ

ನನಗೆ ಸಿಟ್ಟು ಬೇಗ. ಇದನ್ನು ಹಾರೂಗೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ, ಟೇಪು, ಆಂಪ್ಲಿಫೈಯರ್ ರಿಪೇರಿ ಮಾಡುತ್ತ ತಲೆ ಬೆಳ್ಳಗಾದವನು ನಾನು, ವಿರುಪಾಕ್ಷಪ್ಪ. ಗಿರಾಕಿ ಬಂದು, "ಕಾಕಾ, ಬರೇ ವಾಯರ್ ಹೋಗಿರಬೇಕ ನೋಡ್ರಿ" ಎಂದರೆ, "ಹಂಗಾದ್ರ ನೀನ ಒಳಗ ಕುಂದ್ರು, ನಾ ಹೊರಗ ನಿಂದರ್ತೀನಿ" ಎನ್ನುತ್ತಿದ್ದೆ. ಇಷ್ಟು ಜಂಬದವನು ಹೇಗೆ ಮೋಸಹೋದೆ, ನನ್ನ ಜೊತೆಗೆ ಇನ್ನೊಬ್ಬನನ್ನು ಹೇಗೆ ಮುಳುಗಿಸಿದೆ ಎಂಬುದನ್ನು ಹೇಳಿಬಿಡುತ್ತೇನೆ. ಮುಳುಗಿದವನು ಅಲಖನೂರಿನ ಸತ್ತೆಪ್ಪ.

ಸತ್ತೆಪ್ಪ ಹಗಲೆಲ್ಲ ಕಂಡವರ ಹೊಲದಲ್ಲಿ ಕಬ್ಬು ಕಡಿಯುವವನು. ಮದುವೆಯ ಸುಗ್ಗಿ ಬಂತೆಂದರೆ ಬೆಂಜೋ ಬಾರಿಸುವವನು. ನಮ್ಮ ಗಡಿ ಸೀಮೆಯಲ್ಲಿ ಬೆಂಜೋ ಪಾರ್ಟಿ ಇಲ್ಲದೆ ಮದುವೆಯ ಮೆರವಣಿಗೆ ಹೊರಡುವುದಿಲ್ಲ. ಉದ್ದನೆಯ ಮರದ ಹಲಗೆ, ಅದರ ಮೇಲೆ ತಂತಿಗಳು, ಟೈಪ್‌ರೈಟರಿಗೆ ಇರುವಂಥ ಗುಂಡಿಗಳು. ಎಡಗೈಯಿಂದ ಗುಂಡಿ ಒತ್ತಬೇಕು, ಬಲಗೈಯಿಂದ ತಂತಿ ಮೀಟಬೇಕು. ಅದಕ್ಕೆ ಕರೆಂಟಿನ ವಾಯರ್ ಜೋಡಿಸಿ, ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಕೂತು, ನಾಲ್ಕು ಕರ್ಣೆ ಸ್ಪೀಕರ್ ಹಚ್ಚಿ ಬಾರಿಸಿದರೆ ಪಕ್ಕದ ಹಳ್ಳಿಗೂ ಕೇಳಬೇಕು. ಸತ್ತೆಪ್ಪನ ಕೈಯಲ್ಲಿ ಅದು ಬರೀ ಜೋರಾಗಿ ಅಲ್ಲ, ಸ್ವಚ್ಛವಾಗಿ ಕೇಳುತ್ತಿತ್ತು. ಕಬ್ಬಿನ ಗರಿಗೆ ಕೊಯ್ದ ಬೆರಳಿಗೆ ಅವನ ಹೆಂಡತಿ ಸುಂದ್ರವ್ವ ದಿನಾ ಅರಿಶಿನ ಎಣ್ಣೆ ಹಚ್ಚುತ್ತಿದ್ದಳು. "ಬಲಗೈ ಏನರ ಆಗಲಿ, ಎಡಗೈ ಬೆರಳ ಉಳಿಸ್ಕೋರಿ" ಎಂದು ಬೈಯುತ್ತಲೇ ಹಚ್ಚುತ್ತಿದ್ದಳು.

ಪಾರ್ಟಿ ಸತ್ತೆಪ್ಪನದಲ್ಲ, ಹಾರೂಗೇರಿಯ ಶ್ರೀಪಾಲನದು. ಆಂಪ್ಲಿಫೈಯರ್ ಅವನದು, ಕರ್ಣೆ ಅವನವು, ಜನರೇಟರ್ ಅವನದು. ತಾನೂ ಬೆಂಜೋ ಬಾರಿಸುತ್ತಿದ್ದ, ಹಿಂದೆ ಕೂತು. ಆದರೆ ಬುಕ್ಕಿಂಗಿಗೆ ಬಂದವರು ಮೊದಲು ಕೇಳುತ್ತಿದ್ದುದು, "ಸತ್ತೆಪ್ಪ ಬರ್ತಾನಿಲ್ಲ?" ಎಂದು. ಶ್ರೀಪಾಲ ನಗುನಗುತ್ತ "ಬರ್ತಾನ್ರಿ, ಅಂವ ಇಲ್ದ ನಾವ್ಯಾರು" ಎನ್ನುತ್ತಿದ್ದ. ಎಷ್ಟೋ ಸಲ ನನ್ನ ಎದುರೇ ಹಾಗೆ ನಕ್ಕಿದ್ದಾನೆ. ಆ ನಗೆಯೊಳಗೆ ಏನಿತ್ತೆಂದು ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ.

ಸತ್ತೆಪ್ಪನ ತಂದೆ ಧರೆಪ್ಪ ಒಂದು ಕಾಲಕ್ಕೆ ಮಂಗಳವಾದ್ಯದ ಸನಾಯಿ ಊದುವವರು. ರಾಯಬಾಗದ ದೊಡ್ಡ ಮನೆಗಳವರು ಅವರಿಗಾಗಿ ಗಾಡಿ ಕಳಿಸುತ್ತಿದ್ದರಂತೆ. ಆಮೇಲೆ ಹೊಟ್ಟೆಪಾಡಿಗೆಂದು ನಿಪ್ಪಾಣಿಯ ತಂಬಾಕಿನ ವಖಾರಿಗೆ, ಅಂದರೆ ಗೋದಾಮಿಗೆ, ದುಡಿಯಲು ಹೋದರು. ಹದಿನಾಲ್ಕು ವರ್ಷ ಆ ಧೂಳು ಕುಡಿದರು. ತಿರುಗಿ ಬಂದಾಗ ಸನಾಯಿ ಹಿಡಿದರೆ ಕೆಮ್ಮು ಬರುತ್ತಿತ್ತೇ ಹೊರತು ಸ್ವರ ಬರುತ್ತಿರಲಿಲ್ಲ. ಕಣ್ಣಿಗೂ ಪೊರೆ ಬಂದು, ಮನೆಯ ಮುಂದಿನ ಕಟ್ಟೆ, ಒಂದು ಹಳೇ ರೇಡಿಯೋ, ಇಷ್ಟೇ ಅವರ ಲೋಕವಾಯಿತು. ಆ ರೇಡಿಯೋ ಕೆಟ್ಟರೆ ಸತ್ತೆಪ್ಪ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ನನ್ನಲ್ಲಿಗೆ ಬರುತ್ತಿದ್ದ.

ತೊಂಬತ್ತೆರಡರ ಮಾರ್ಚ್ ಇರಬೇಕು. ಸತ್ತೆಪ್ಪ, ಶ್ರೀಪಾಲ ಇಬ್ಬರೂ ತಂತಿ ತರಲು ಮೀರಜಿಗೆ ಹೋಗಿದ್ದರು. ಬರುವಾಗ ಎರಡು ದಿನದ ಟ್ರಯಲ್ ಎಂದು ಒಂದು ತಗಡಿನ ಡಬ್ಬಿಯನ್ನು ನನ್ನ ಅಂಗಡಿಗೆ ತಂದರು. ಗಿಟಾರಿನವರು ಕಾಲಲ್ಲಿ ಒತ್ತುವ ಪೆಡಲ್ ಅದು. ತಂತಿಯ ದನಿಯನ್ನು ಒಡೆದು ಒರಟು ಮಾಡಿ, ಅದರ ಮೇಲೆ ಒಂದು ಸಪ್ತಕ ಎತ್ತರದ ಇನ್ನೊಂದು ದನಿ ಏರಿಸುತ್ತದೆ. ಫಜ್ ಎನ್ನುತ್ತಾರೆ. ಹೆಸರಿಲ್ಲ, ಊರಿಲ್ಲ, ಹಳದಿ ಬಣ್ಣ ಬಳಿದಿದ್ದರು. ನಾಲ್ಕುನೂರಾ ಐವತ್ತು ರೂಪಾಯಿ. ಇಂಗ್ಲೆಂಡಿನದಾದರೆ ಅದರ ಹತ್ತು ಪಟ್ಟು ಎಂದು ಅಂಗಡಿಯವನು ಹೇಳಿದನಂತೆ.

"ಕಾಕಾ, ತಗೋಬೇಕೋ ಬ್ಯಾಡೋ ನೀವ ಹೇಳ್ರಿ" ಎಂದ ಸತ್ತೆಪ್ಪ. "ಮೀರಜದಾಗ ಒಂದ ತಂತಿ ಮೀಟಿ ನೋಡಿದ್ನಿ. ಅಪ್ಪನ ಸನಾಯಿ ದನಿ ಬಂತ್ರಿ. ಮೈ ಝುಂ ಅಂತು."

ನಾನು ಸ್ಕ್ರೂ ಬಿಚ್ಚಿದೆ. ಒಳಗೆ ಕೂದಲಿನಷ್ಟು ಸಣ್ಣ ವಾಯರ್, ಬೆಸುಗೆ ಎಂದರೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ. ನನಗೆ ಅಲ್ಲೇ ಸಿಟ್ಟು ಬಂತು. ಕೆಟ್ಟ ಕೆಲಸ ಕಂಡರೆ ನನಗೆ ಆಗುವುದಿಲ್ಲ. "ಬಾರಿಸು" ಎಂದೆ. ಸತ್ತೆಪ್ಪ ರೂಢಿಯಂತೆ ಎಲ್ಲ ತಂತಿ ಸೇರಿಸಿ ಮೀಟಿದ. ತಗಡಿನ ಮೇಲೆ ಕಲ್ಲು ಉರುಳಿದಂತೆ ಕಚಪಚ ಸದ್ದು ಬಂದು ಅಂಗಡಿಯಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು.

"ಹಂಗಲ್ರಿ ಕಾಕಾ. ಬಾಜೂಕಿನ ತಂತಿ ತಗದು, ಕೆಳಗ ಅರಿವಿ ತುರುಕಿ, ಒಂದ ತಂತಿ ಅಷ್ಟ ಮೀಟಿದ್ರ ಬರತೈತಿ. ಒಂದ ಚಿಂದಿ ಅರಿವಿ ಕೊಡ್ರಿ" ಎಂದು ಸತ್ತೆಪ್ಪ ಬಗ್ಗಿದ. ಬೆಂಜೋದ ಪಕ್ಕದ ತಂತಿಗಳು ಸದಾ ಗುಂಯ್ ಎನ್ನುತ್ತಿರುತ್ತವೆ. ಅವನ್ನು ತೆಗೆದರೆ ಬೆಂಜೋ ಬೆಂಜೋ ಆಗಿ ಉಳಿಯುವುದಿಲ್ಲ ಎನ್ನುವುದು ನಮ್ಮ ಕಡೆ ಬಾರಿಸುವವರೆಲ್ಲರ ತಿಳುವಳಿಕೆ. ಯಾರೂ ಅವಕ್ಕೆ ಕೈ ಹಚ್ಚುವುದಿಲ್ಲ. ಅದನ್ನು ತೆಗೆಯಬಹುದು ಎಂದು ಇವನಿಗೆ ಹೊಳೆದಿತ್ತು. ಅಂಗಡಿಯಲ್ಲಿ ಮೂರು ಜನ ಗಿರಾಕಿ ಕಾಯುತ್ತಿದ್ದರು. ನಾನು ಸ್ವಿಚ್ ಆರಿಸಿದೆ.

"ಕಸ ಐತಿ ಇದು. ತಿಂಗಳ ಬಾಳಿಕಿ ಬರೂದಿಲ್ಲ. ತಗೊಂಡ ಹೋಗ್ರಿ."

ಸತ್ತೆಪ್ಪ ಬೆಂಜೋದ ವಾಯರ್ ಬಿಚ್ಚಿಕೊಂಡ. ನಾನು ಹೇಳಿದ್ದೇ ಅವನಿಗೆ ಕೊನೆಯ ಮಾತು. "ಕಾಕಾ ಕಸ ಅಂದ್ರ ಕಸನ. ನಾ ವಾಪಸ್ ಕೊಟ್ಟ ಬರ್ತೀನಿ ಬಿಡೋ" ಎಂದು ಶ್ರೀಪಾಲ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ.

ಎಂಟು ದಿನದ ಮೇಲೆ ಶ್ರೀಪಾಲ ಒಬ್ಬನೇ ಬಂದ. ಅದೇ ಹಳದಿ ಡಬ್ಬಿಯನ್ನು ನನ್ನ ಮುಂದಿಟ್ಟು ದನಿ ತಗ್ಗಿಸಿದ. "ವಾಪಸ್ ಕೊಡಾಕ ಮನಸ ಆಗಲಿಲ್ರಿ ಕಾಕಾ. ಸತ್ತೆಪ್ಪಗ ಅದರ ಮ್ಯಾಲ ಭಾಳ ಜೀವ ಐತಿ. ರಾಯಬಾಗದಾಗ ರಾವಸಾಹೇಬರ ಮಗಳ ಮದವಿ ಐತಲ್ಲ, ಅವತ್ತ ಅವನ ಕೈಯಾಗ ಇಡ್ತೀನಿ. ನೀವು ಗಟ್ಟಿ ಮಾಡಿಕೊಡ್ರಿ. ಅವಗ ಮಾತ್ರ ಹೇಳಬ್ಯಾಡ್ರಿ ಮತ್ತ."

ತಕ್ಷಣ ಒಪ್ಪಿಕೊಂಡೆ. ಅವತ್ತು ಸತ್ತೆಪ್ಪನ ಬಾಯಿ ಮುಚ್ಚಿಸಿದ್ದು ಒಳಗೇ ಚುಚ್ಚುತ್ತಿತ್ತಲ್ಲ. ಮೂರು ದಿನ ಕೂತೆ. ವಾಯರ್ ಎಲ್ಲ ಬದಲಿಸಿದೆ, ಬೆಸುಗೆ ಹೊಸದಾಗಿ ಹಾಕಿದೆ, ಸ್ವಿಚ್ಚಿಗೆ ನನ್ನ ಹತ್ತಿರ ಇದ್ದುದರಲ್ಲೇ ಒಳ್ಳೆಯದನ್ನು ಹಚ್ಚಿದೆ. ಕೊನೆಗೆ ನನ್ನ ರೂಢಿಯಂತೆ ನಾಲ್ಕೂ ಸ್ಕ್ರೂ ತಲೆಯ ಮೇಲೆ ಉಗುರಿಗೆ ಹಚ್ಚುವ ಬಣ್ಣದಿಂದ ಕೆಂಪು ಚುಕ್ಕೆ ಇಟ್ಟೆ. ನನ್ನ ಕೈ ದಾಟಿದ ಸಾಮಾನಿಗೆಲ್ಲ ಆ ಚುಕ್ಕೆ ಇರುತ್ತಿತ್ತು. ಯಾರಾದರೂ ಬಿಚ್ಚಿದರೆ ಬಣ್ಣ ಒಡೆದು ಗೊತ್ತಾಗಬೇಕು ಎಂದು. ಧರೆಪ್ಪನವರ ರೇಡಿಯೋದ ಬೆನ್ನಿಗೂ ಅಂಥವೇ ಚುಕ್ಕೆಗಳಿದ್ದವು.

ಆ ಮೂರು ದಿನದ ನಡುವೆಯೇ ಸತ್ತೆಪ್ಪ ಆ ರೇಡಿಯೋ ಎತ್ತಿಕೊಂಡು ಬಂದ. ಅವನ ತಲೆ ಬಾಗಿಲಲ್ಲಿ ಕಂಡದ್ದೇ ನಾನು ಡಬ್ಬಿಯನ್ನು ಟೇಬಲ್ ಕೆಳಗೆ ಸರಿಸಿದೆ. ರೇಡಿಯೋ ಸರಿಮಾಡಿ ಕೊಟ್ಟ ಮೇಲೂ ಅವನು ಹೋಗಲಿಲ್ಲ, ಬಾಗಿಲಲ್ಲಿ ನಿಂತ.

"ಕಾಕಾ, ಆ ಡಬ್ಬಿ ಖರೇನ ಕಸ ಏನ್ರಿ? ಸುಂದ್ರವ್ವ ತಾ ಕೂಡಿಸಿಟ್ಟ ರೊಕ್ಕ ಕೊಡ್ತೀನಿ ಅಂತಾಳ. ಅಪ್ಪಗ ಒಮ್ಮೆ ಕೇಳಸಬೇಕಂತ ಐತ್ರಿ. ನೀವು ಹೂಂ ಅಂದ್ರ ನಾಳಿಗೇ ಮೀರಜಿಗೆ ಹೋಗ್ತೀನಿ."

ಒಳಗೊಳಗೇ ನಗುತ್ತಿದ್ದೆ ನಾನು, ಮೂರ್ಖ. ಮದುವೆಯ ದಿನ ಇವನ ಮುಖ ಹೇಗಾಗುತ್ತದೋ ಎಂದು ಊಹಿಸುತ್ತಿದ್ದೆ. "ಕಸನೋ ಮಾರಾಯಾ. ಹೆಂಡ್ತಿ ರೊಕ್ಕ ಯಾಕ ಹಾಳ ಮಾಡ್ತಿ? ಮರತ ಬಿಡು" ಎಂದೆ. ಅವನು ತಲೆಯಾಡಿಸಿ ಹೋದ. ಡಬ್ಬಿ ನನ್ನ ಕಾಲಿಗೆ ತಾಗುತ್ತಿತ್ತು.

ಅಷ್ಟಕ್ಕೇ ಬಿಟ್ಟೆನೇ? ಮದುವೆಯ ದಿನ ಮಧ್ಯಾಹ್ನ ಗುರುತಿನವರ ಜೀಪು ಕೇಳಿಕೊಂಡು ನಾನೇ ಅಲಖನೂರಿಗೆ ಹೋದೆ. ಧರೆಪ್ಪನವರನ್ನು ಹತ್ತಿಸಿಕೊಂಡೆ. "ನಡೀರಿ, ಇವತ್ತ ನಿಮ್ಮ ಮಗ ನಿಮ್ಮ ಸನಾಯಿ ಬಾರಿಸ್ತಾನ" ಎಂದೆ. ದಾರಿಯುದ್ದಕ್ಕೂ ಮುದುಕರು ತಲೆಯ ಪಟಗ ಸರಿಮಾಡಿಕೊಳ್ಳುತ್ತಲೇ ಇದ್ದರು. ರಾಯಬಾಗದಲ್ಲಿ ಮೆರವಣಿಗೆ ಹಾಯುವ ದಾರಿಯ ಮೇಲಿನ ಒಂದು ಕಿರಾಣಿ ಅಂಗಡಿಯ ಮೆಟ್ಟಿಲ ಮೇಲೆ ಕೂಡಿಸಿ, ಪಕ್ಕದಲ್ಲಿ ನಿಂತೆ.

ಹೊತ್ತು ಇಳಿಯುವಾಗ ಟ್ರ್ಯಾಕ್ಟರ್ ಬಂತು. ದನಿ ಮೊದಲು ಬಂತು. ಏನು ಹೇಳಲಿ, ಸನಾಯಿಯೇ. ತುಸು ಒರಟು, ಆದರೆ ಮೇಲಿನ ಸಪ್ತಕ ಹಿಡಿದು ಎಳೆದಾಗ ಬೀದಿಯ ಜನ ಮಾತು ನಿಲ್ಲಿಸಿದರು. ಕಸ ಎಂದಿದ್ದೆನಲ್ಲ, ಆ ಡಬ್ಬಿಯೇ. ಧರೆಪ್ಪನವರು ನನ್ನ ಮಣಿಕಟ್ಟು ಹಿಡಿದರು. ಅವರ ತುಟಿ ಊದುವವರ ತುಟಿಯಂತೆ ಮುಂದೆ ಬಂದಿತ್ತು.

ಟ್ರೇಲರ್ ತಿರುವಿನಲ್ಲಿ ಬಂದಾಗ ನೋಡಿದೆ. ಮುಂದಿನ ಗಾದಿಯ ಮೇಲೆ ಶ್ರೀಪಾಲ ಕೂತಿದ್ದ. ಅವನ ಬೆಂಜೋದ ಪಕ್ಕದ ತಂತಿಗಳು ಇರಲಿಲ್ಲ, ಕೆಳಗೆ ಅರಿವೆ ತುರುಕಿತ್ತು, ಮೊಣಕಾಲಿನ ಹತ್ತಿರ ಹಳದಿ ಡಬ್ಬಿ ಇತ್ತು. ಸತ್ತೆಪ್ಪ ಹಿಂದೆ ಜನರೇಟರಿನ ಪಕ್ಕ, ಶ್ರೀಪಾಲ ಯಾವಾಗಲೂ ಕೂಡುತ್ತಿದ್ದ ಜಾಗದಲ್ಲಿ, ತಾಳಕ್ಕೆ ಬರೀ ಒಂದೇ ಗುಂಡಿ ಒತ್ತುತ್ತ ಕೂತಿದ್ದ. ಮೂರು ದಿನ ಕಣ್ಣು ಕೆಂಪು ಮಾಡಿಕೊಂಡು ನಾನು ಗಟ್ಟಿ ಮಾಡಿಕೊಟ್ಟದ್ದು ಈ ಹರಾಮಖೋರನಿಗೆ ಎಂದು ಆಗ ತಿಳಿಯಿತು.

ಟ್ರ್ಯಾಕ್ಟರ್ ಚೌಕಿನಲ್ಲಿ ನಿಂತಾಗ ಸತ್ತೆಪ್ಪ ಅಪ್ಪನನ್ನು ಕಂಡು ಗಾಬರಿಯಿಂದ ಇಳಿದು ಬಂದ. ಧರೆಪ್ಪನವರು ಅವನ ಎರಡೂ ಕೈ ಹಿಡಿದು ಪೊರೆ ಬಂದ ಕಣ್ಣಿಗೆ ಒತ್ತಿಕೊಂಡರು.

"ಸತ್ಯಾ, ನನ್ನ ದನಿ ನನಗ ತಿರಗಿ ಕೊಟ್ಟಿ. ಕೈ ತುಸು ಬಿಗಿ ಇತ್ತು ಇವತ್ತ, ಇರಲಿ. ದನಿ ನಂದ. ಇನ್ನ ಸತ್ರೂ ಚಿಂತಿಲ್ಲ ನನಗ."

ಸತ್ತೆಪ್ಪ ಟ್ರೇಲರಿನ ಕಡೆ ನೋಡಿದ, ನನ್ನ ಕಡೆ ನೋಡಿದ. "ಹೂಂ ಅಪ್ಪಾ" ಎಂದ.

ಮುದುಕರಿಗೆ ಚಹಾ ಕುಡಿಸಿ ಬಂದು ನನ್ನ ಎದುರು ನಿಂತ. ಜಗಳ ಮಾಡುತ್ತಾನೆ ಅಂದುಕೊಂಡೆ. ಮಾಡಿದ್ದರೆ ಚೆನ್ನಾಗಿರುತ್ತಿತ್ತು.

"ಡಬ್ಬಿ ಸ್ಕ್ರೂ ಮ್ಯಾಲ ಕೆಂಪ ಚುಕ್ಕಿ ಅದಾವ್ರಿ ಕಾಕಾ."

"ಸತ್ತೆಪ್ಪ, ಅಂವ ನನಗ ನಿನಗಂತ ಹೇಳಿ..."

"ನಾ ರೇಡಿಯೋ ತಗೊಂಡ ಬಂದ್ನೆಲ್ರಿ, ಅವತ್ತ ಅದು ಎಲ್ಲಿತ್ರಿ?"

"ಟೇಬಲ್ ಕೆಳಗ" ಎಂದೆ.

ಅವನು ಅಪ್ಪನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದ. ಜೀಪು ಹತ್ತಲಿಲ್ಲ. ನಾನು ಟ್ರೇಲರ್ ಹತ್ತಿ ಶ್ರೀಪಾಲನ ಕೊರಳಪಟ್ಟಿ ಹಿಡಿದೆ. "ನನ್ನ ಪಾರ್ಟಿ, ನನ್ನ ಡಬ್ಬಿ. ಕಸ ಅಂದಾವ್ರು ನೀವಲ್ರಿ?" ಎಂದ. ಬೀಗರು ಬಂದು ಬಿಡಿಸಿದರು.

ಸತ್ತೆಪ್ಪ ಆಮೇಲೆ ಪಾರ್ಟಿಗೆ ಹೋಗಲಿಲ್ಲ. ಮದುವೆಯ ಸುಗ್ಗಿಯಲ್ಲೂ ಹೊಲಕ್ಕೇ ಹೋದ. ರೇಡಿಯೋ ಕೆಟ್ಟರೆ ಕುಡಚಿಗೆ ಒಯ್ಯುತ್ತಿದ್ದಾನೆ ಎಂದು ಯಾರೋ ಹೇಳಿದರು. ನನಗೆ ಊಟ ಸೇರುತ್ತಿರಲಿಲ್ಲ. ಆ ಡಬ್ಬಿಯ ಒಳಗಿನದೆಲ್ಲ ನನ್ನ ಕಣ್ಣಲ್ಲೇ ಇತ್ತು. ಮಳೆಗಾಲವಿಡೀ ಕೂತು ಅಂಥದೇ ಒಂದನ್ನು ಕಟ್ಟಿದೆ, ಅದಕ್ಕಿಂತ ಚೆನ್ನಾಗಿ. ದೀಪಾವಳಿಯ ಮುಂದೆ ಅಲಖನೂರಿಗೆ ಒಯ್ದೆ. ಧರೆಪ್ಪನವರು ಕಟ್ಟೆಯ ಮೇಲೆ ಕೂತು ಯಾರಿಗೋ ಆ ಮೆರವಣಿಗೆಯ ಕಥೆಯನ್ನೇ ಹೇಳುತ್ತಿದ್ದರು. ಸತ್ತೆಪ್ಪ ನನ್ನನ್ನು ಹಿತ್ತಲಿಗೆ ಕರೆದೊಯ್ದ. ಸುಂದ್ರವ್ವ ನೀರು ಕೊಟ್ಟಳು, ಮುಖ ನೋಡಲಿಲ್ಲ.

"ತಪ್ಪ ನಂದು. ಇದನ್ನ ತಗೋ. ಅಪ್ಪಗ ನಿನ್ನ ಕೈಲೆ ಒಮ್ಮೆ ಕೇಳಸು" ಎಂದೆ.

ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಸ್ವಿಚ್ ಒಮ್ಮೆ ಒತ್ತಿದ. ಆಸೆ ಅವನ ಬೆರಳಲ್ಲೇ ಕಾಣುತ್ತಿತ್ತು. ಆಮೇಲೆ ನನ್ನ ಚೀಲದೊಳಗೆ ತಾನೇ ಇಟ್ಟ.

"ಹೆಂಗ ಬಾರಸಲ್ರಿ ಕಾಕಾ? ನಾ ಬಾರಿಸಿದ್ರ, ಅವತ್ತಿನ ಕೈ ನಂದಲ್ಲಂತ ಅಪ್ಪಗ ಗೊತ್ತಾಗತೈತಿ."