ಸೇತುವೆಯ ನಡುವಿನ ಪಟ್ಟಿ

ತೆಂಗಿನೆಣ್ಣೆಯೂ ಕಬ್ಬಿಣವೂ ಬೆರೆತ ವಾಸನೆ ಮೂಗಿಗೆ ಬಡಿದರೆ ಈಗಲೂ ಬಂಟ್ವಾಳ ಪೇಟೆಯ ನಮ್ಮ ಹಳೆಯ ಮನೆಯ ಚಾವಡಿ ಕಣ್ಣ ಮುಂದೆ ಬರುತ್ತದೆ. ಕುವೈತಿನಲ್ಲಿದ್ದ ಸೋದರಮಾವ ರಜೆಗೆ ಬರುವಾಗ ನನಗೊಂದು ಜೋಡಣೆಯ ಆಟದ ಪೆಟ್ಟಿಗೆ ತರುತ್ತಿದ್ದರು. ನಮ್ಮ ಕಡೆ ತಂಗಿಯ ಮಕ್ಕಳ ಮೇಲೆ ಮಾವನಿಗೇ ಹಕ್ಕು ಜಾಸ್ತಿ, ಮುದ್ದೂ ಜಾಸ್ತಿ. ಸಾಲು ತೂತುಗಳ ಹಸಿರು, ಕೆಂಪು ಕಬ್ಬಿಣದ ಪಟ್ಟಿಗಳು, ಹಿತ್ತಾಳೆಯ ನಟ್ಟು ಬೋಲ್ಟುಗಳು, ಒಂದು ಪುಟ್ಟ ಸ್ಪ್ಯಾನರು. ಇಂದು ನಿಮ್ಮ ಮನೆಯ ಮಕ್ಕಳಿಗೂ ನನ್ನ ಮಗಳಿಗೂ ಸಿಗುವ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಕೋಟೆಯ ಪೆಟ್ಟಿಗೆಯೇ ಬೇರೆ, ರಾಕೆಟ್ಟಿನದೇ ಬೇರೆ. ಆಗ ಹಾಗಿರಲಿಲ್ಲ. ಮೊದಲ ಪೆಟ್ಟಿಗೆಯಿಂದ ಕೈಗಾಡಿ, ಅದಕ್ಕೆ ಎರಡನೆಯದು ಸೇರಿದರೆ ಕ್ರೇನು, ಮೂರನೆಯದೂ ಸೇರಿದರೆ ಮುಚ್ಚಳದ ಚಿತ್ರದಲ್ಲಿದ್ದ ಉದ್ದನೆಯ ಸೇತುವೆ. ಹಾಗಾಗಿ ಒಂದು ಮುಗಿದರೆ ಮುಂದಿನದಕ್ಕೆ ಮಾವನನ್ನೇ ಕಾಯಬೇಕು.

ಮಳೆಗಾಲದಲ್ಲಿ ನೇತ್ರಾವತಿ ಪೇಟೆಗೆ ನುಗ್ಗುವ ಮೊದಲೇ ಅಜ್ಜಿ ಮನೆಯ ಕತ್ತಿಗಳಿಗೆಲ್ಲ ಎಣ್ಣೆ ಹಚ್ಚಿ ಅಟ್ಟಕ್ಕೇರಿಸುತ್ತಿದ್ದರು. ಒಂದು ವರ್ಷ ನನ್ನ ಪಟ್ಟಿ, ಬೋಲ್ಟುಗಳಿಗೂ ಅದೇ ಉಪಚಾರ ಮಾಡಿಬಿಟ್ಟರು. ತುಕ್ಕೇನೋ ಹಿಡಿಯಲಿಲ್ಲ, ಆದರೆ ಎಷ್ಟು ಬಿಗಿದರೂ ನಟ್ಟು ಜಾರಿ ನನ್ನ ಕ್ರೇನು ಕತ್ತು ಬಗ್ಗಿಸಿ ನಿಂತಿತು. ಅತ್ತು ರಂಪ ಮಾಡಿದೆ. ರಜೆಗೆ ಬಂದ ಮಾವ ಬೂದಿ ಹಾಕಿ ಒಂದೊಂದನ್ನೇ ತಿಕ್ಕುತ್ತಾ, "ಅಮ್ಮ, ಇದಕ್ಕೆ ಒಗ್ಗರಣೆಯೊಂದು ಬಾಕಿ ಉಂಟು" ಎಂದು ನಕ್ಕರು. ಆ ಸಲ ಅವರಿಗೆ ಮೂರನೆಯ ಪೆಟ್ಟಿಗೆ ಅಂಗಡಿಯಲ್ಲಿ ಸಿಕ್ಕಿರಲಿಲ್ಲ. ಹೊರಡುವಾಗ ನನ್ನ ತಲೆ ಸವರಿ, "ಮುಂದಿನ ಸಲ ಒಟ್ಟಿಗೆ ಸೇತುವೆ ಕಟ್ಟುವ, ಆಯ್ತಾ?" ಎಂದರು. ನಾನು ಇದ್ದ ಪಟ್ಟಿಗಳಲ್ಲೇ ಎರಡು ತುದಿ ಕಟ್ಟಿ ಕಾದೆ.

ಅವರು ಬರಲಿಲ್ಲ. ಎದೆನೋವಿನಿಂದ ಅಲ್ಲೇ ತೀರಿಕೊಂಡರು. ಗೆಳೆಯರೊಬ್ಬರು ತಂದುಕೊಟ್ಟ ಅವರ ಸೂಟ್‌ಕೇಸಿನಲ್ಲಿ, ಬಟ್ಟೆಗಳ ನಡುವೆ, ಮೂರನೆಯ ಪೆಟ್ಟಿಗೆ ಇತ್ತು. ಅಜ್ಜಿ ಅದನ್ನು ನನ್ನ ಕೈಗಿತ್ತರು. ಚಾವಡಿಯಲ್ಲಿ ಒಬ್ಬಳೇ ಕೂತು ಸೇತುವೆ ಕಟ್ಟಿದೆ. ಇಷ್ಟು ಕಾದದ್ದು ಇದಕ್ಕೇನಾ ಎಂದು ದುಃಖ ಒತ್ತರಿಸಿ ಬಂತು.

"ಮುಗಿಯಿತಾ ಮಗಳೇ?" ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕೇಳಿದರು.

"ಮುಗಿಯಿತು ಅಜ್ಜಿ."

ಅವರು ನನ್ನ ಪಕ್ಕ ಬಂದು ಕುಳಿತು ಸೇತುವೆಯ ಉದ್ದಕ್ಕೂ ಬೆರಳಾಡಿಸಿದರು. ಆಮೇಲೆ, "ನಡುವಿನದೊಂದು ಪಟ್ಟಿ ತೆಗೆದಿಡು. ಅವನಿಗೂ ಒಂದು ಕೆಲಸ ಇರ್ಲಿ" ಎಂದರು. ತೆಗೆದಿಟ್ಟೆ.

ಈಗ ಆ ಮನೆಯಿಲ್ಲ, ಅಜ್ಜಿಯೂ ಇಲ್ಲ. ಸೇತುವೆ ನನ್ನ ಕಪಾಟಿನ ಮೇಲಿದೆ. ಮೊನ್ನೆ ಮಗಳು ಆ ಬಿಡಿ ಪಟ್ಟಿಯನ್ನು ಹುಡುಕಿ ತಂದು, "ಇದನ್ನು ಹಾಕ್ಲಾ ಅಮ್ಮ?" ಎಂದಳು.

"ಬೇಡ, ಮಾವ ಹಾಕ್ತಾರೆ" ಎಂದುಬಿಟ್ಟೆ.